ಕರಿಕಲ್ಲಿನ ಕೊಡಲಿ: ನನ್ನ ಅನುಭವ

ನಮ್ಮ ರಾಯದುರ್ಗದಿಂದ ಬಳ್ಳಾರಿ ಸುಮಾರು 50 ಕಿಲೋಮೀಟರ್. 1953ರಲ್ಲಿ ಬಳ್ಳಾರಿ ಮೈಸೂರಿಗೆ ಹೋಯಿತು, ನಾವು ಆಂಧ್ರದಲ್ಲಿ ಉಳಿದೆವು. ಗುಡ್ಡಗಳು ಮಾತ್ರ ಎರಡೂ ಕಡೆ ಒಂದೇ: ಗ್ರಾನೈಟ್ ಬಂಡೆಗಳ ನಡುವೆ ಹಾದುಹೋಗುವ ಕರಿಕಲ್ಲಿನ ಪಟ್ಟೆ, ಅಂದರೆ ಡೋಲರೈಟ್. ಬಳ್ಳಾರಿ ಬಳಿಯ ಸಂಗನಕಲ್ಲು–ಕಪ್ಪಗಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದವರು, ಅಂದರೆ ಕಲ್ಲನ್ನು ಉಜ್ಜಿ ಹತಾರ ಮಾಡುತ್ತಿದ್ದ ಕಾಲದವರು, ಕೊಡಲಿ ಮಾಡಿದ್ದು ಇದೇ ಜಾತಿಯ ಕಲ್ಲಿನಲ್ಲಿ. ಕಬ್ಬಿಣ ಮುಟ್ಟದೆ ನಾನೂ ಒಂದು ಮಾಡಬೇಕೆಂದು ಕೂತೆ.

ಕಲ್ಲು ತಂದದ್ದು ನಮ್ಮ ಹೊಲದ ಬದುವಿನಿಂದ. ಪ್ರಾಚೀನ ನೆಲೆಗಳಿಂದ ಒಂದು ಚಕ್ಕೆಯನ್ನೂ ಎತ್ತಬಾರದು. ಕಲ್ಲೊಡೆಯುವ ಕೆಲಸದಲ್ಲೇ ತಲೆ ನರೆತ ನಮ್ಮೂರ ತಾತ ಹೇಳಿದ: "ಸುಮ್ನೆ ಬಾರಿಸಬ್ಯಾಡಪ್ಪಾ, ಮೊದ್ಲು ಸದ್ದು ಕೇಳು. ಖಣ್ ಅಂದ್ರೆ ಗಟ್ಟಿ, ಠಪ್ ಅಂದ್ರೆ ಒಳಗ ಸೀಳೈತಿ." ಖಣ್ ಎಂದದ್ದನ್ನೇ ಆರಿಸಿದೆ.

ಚಕ್ಕೆ ಎಬ್ಬಿಸುವುದು ಬೇಗ ಮುಗಿಯುತ್ತದೆ. ಅಂಚಿನ ಕೋನ 90 ಡಿಗ್ರಿಗಿಂತ ಕಡಿಮೆ ಇರುವ ಕಡೆ ಗುಂಡುಕಲ್ಲಿನಿಂದ ಹೊಡೆದರೆ ಚಕ್ಕೆ ಕೆಳಗಡೆಯಿಂದ ಹಾರುತ್ತದೆ. ಮ್ಯೂಸಿಯಂನಲ್ಲಿ ನಮ್ಮ ಕಣ್ಣಿಗೆ ಬೀಳುವುದು ನುಣುಪು; ನಿಜವಾದ ದುಡಿಮೆ ಇರುವುದು ಆಮೇಲಿನ ಕುಟ್ಟುವಿಕೆಯಲ್ಲಿ. ಬೆಣಚುಕಲ್ಲಿನ ಉಂಡೆ ಹಿಡಿದು ಉಬ್ಬುಗಳ ಮೇಲೆ ಟಕಟಕ ಕುಟ್ಟುತ್ತಾ ಹೋಗಬೇಕು. ಜೋರು ಬೇಡ, ಬಿಡುವೂ ಬೇಡ. ಪ್ರತಿ ಪೆಟ್ಟಿಗೂ ಕರಿಕಲ್ಲಿನ ಮೇಲೆ ಒಂದು ಬಿಳಿ ಚುಕ್ಕೆ, ಚಿಟಿಕೆಗೂ ಸಿಗದಷ್ಟು ಬೂದು ಹಿಟ್ಟು. ಸಂಜೆಗೆ ಬೆರಳು ಜುಮುಗುಟ್ಟುತ್ತಿದ್ದವು. ಇಡೀ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಸಮಯ ಇದಕ್ಕೇ ಹೋಯಿತು.

ಉಜ್ಜಿದ್ದು ಗ್ರಾನೈಟ್ ಬಂಡೆಯ ಮೇಲೆ, ಮರಳು ಮತ್ತು ನೀರು ಹಾಕಿ. ಬಾಯಿಯ ಕಡೆ ಮಾತ್ರ ನುಣುಪು ಮಾಡಿದೆ. ಹಿಂಭಾಗ ಒರಟಾಗಿಯೇ ಇರಲಿ, ಕಾವಿನಲ್ಲಿ, ಅಂದರೆ ಮರದ ಹಿಡಿಯಲ್ಲಿ, ಜಾರದೆ ಕಚ್ಚಿಕೊಳ್ಳುತ್ತದೆ. ಹಳೆಯ ಕೊಡಲಿಗಳಲ್ಲೂ ಎಷ್ಟೋ ಹೀಗೇ ಇವೆ. ಅದನ್ನು ಅರೆಬರೆ ಕೆಲಸ ಎನ್ನುವವರು ಒಮ್ಮೆ ಮರ ಕಡಿದು ನೋಡಲಿ.

ಕಾವಿಗೆ ಕರಿಜಾಲಿ. ಬಳ್ಳಾರಿ ಜಾಲಿ ಕೈಗೆ ಸಿಗುವಷ್ಟಿದೆ, ಆದರೆ ಅದು ಅಮೆರಿಕದಿಂದ ಬಂದ ಗಿಡ. ಆ ಕಾಲದವರಿಗೆ ಗೊತ್ತೇ ಇರಲಿಲ್ಲ. ಕಾವಿನ ತೂತಿನಲ್ಲಿ ಕೊಡಲಿ ಮೇಲೆ-ಕೆಳಗೆ ಬಿಗಿಯಾಗಿ ಕೂರಬೇಕು, ಎಡ-ಬಲ ಪಕ್ಕಗಳಲ್ಲಿ ಕೂದಲೆಳೆ ಸಡಿಲವಿರಬೇಕು. ಪ್ರತಿ ಏಟಿಗೂ ಕಲ್ಲು ಇನ್ನಷ್ಟು ಒಳಗೆ ಇಳಿಯುತ್ತದೆ. ಪಕ್ಕದಲ್ಲಿ ಒತ್ತಿದರೆ ಮರ ಎಳೆಯುದ್ದಕ್ಕೂ ಸೀಳುತ್ತದೆ.

ಕಡಿಯುವಾಗ ಕಬ್ಬಿಣದ ಕೊಡಲಿಯ ಹಾಗೆ ಭುಜದಿಂದ ಬೀಸಬಾರದು. 1950ರ ದಶಕದಲ್ಲಿ ಡೆನ್ಮಾರ್ಕಿನ ಡ್ರಾವೆಡ್ ಕಾಡಿನಲ್ಲಿ ಕಲ್ಲುಕೊಡಲಿಯಿಂದ ಮರ ಕಡಿದ ಸಂಶೋಧಕರೂ ಇದನ್ನೇ ಕಂಡರು: ಮೊಣಕೈಯಿಂದ ಸಣ್ಣ ಸಣ್ಣ, ಚುರುಕು ಏಟು. ನನ್ನದರಲ್ಲಿ ಹಸಿ ಬೇವಿನ ತೋಳುಗಾತ್ರದ ಕೊಂಬೆ ಸರಾಗವಾಗಿ ಬಿತ್ತು. ಒಣಗಿದ ಜಾಲಿಗೆ ಅದರ ಬಾಯಿ ಮೊಂಡಾಯಿತು. ಮತ್ತೆ ಬಂಡೆಗೆ ಉಜ್ಜಿದರೆ ಆಯಿತು.

ನೀವು ಕೈ ಹಾಕುವುದಾದರೆ ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಬಿಡಬೇಡಿ; ಬೆಣಚಿನ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಗೋಣಿಚೀಲ ಹಾಸಿ ಕೂತು ಚಕ್ಕೆಗಳನ್ನೆಲ್ಲ ಬಾಚಿಕೊಳ್ಳಿ, ಕೊಡಲಿಯ ಹಿಂಭಾಗದಲ್ಲಿ ಇಸವಿ ಕೆತ್ತಿ. ಇಲ್ಲವಾದರೆ ಮುಂದೆ ಸರ್ವೆಗೆ ಬಂದವರು ನಿಮ್ಮ ಹಿತ್ತಲನ್ನೇ ನವಶಿಲಾಯುಗದ ನೆಲೆ ಎಂದು ಬರೆದುಕೊಂಡು ಹೋದಾರು.