ಸೇತುವೆ ಬಂದ್, ನಮ್ಮ ಬೀದಿ ಓಪನ್: ಗಾಡಿ ಎಣಿಸಿದ ಹದಿನಾಲ್ಕು ತಿಂಗಳು

ಹಳೇ ಸೇತುವೆ ಕೆಡವಿ ಹೊಸದು ಕಟ್ಟುತ್ತೇವೆಂದು ಮುಖ್ಯರಸ್ತೆ ಬಂದ್ ಮಾಡಿ ಆಗ ಎರಡನೇ ವಾರ. ಅಲ್ಲಿನ ಗಾಡಿಗಳೆಲ್ಲ ನಮ್ಮ ಬೀದಿಗೆ ತಿರುಗಿದ್ದವು. ಬೀದಿಯ ಏಳೆಂಟು ಮಂದಿ ಸೇರಿ ಕಾಮಗಾರಿ ಕಚೇರಿಗೆ ಹೋದೆವು. ಎಲ್ಲರೂ ಒಟ್ಟಿಗೇ ಮಾತಾಡಿದೆವು. ಗಾಡಿ ಹೊರಗೆ ತೆಗೆಯೋಕಾಗಲ್ಲ, ರಾತ್ರಿ ನಿದ್ದೆಯಿಲ್ಲ, ಮಕ್ಕಳನ್ನು ಗೇಟಿನಾಚೆ ಬಿಡೋಕೆ ಭಯ. ಎಂಜಿನಿಯರ್ ಎಲ್ಲವನ್ನೂ ಕೇಳಿಸಿಕೊಂಡು, “ಗಾಡಿ ಜಾಸ್ತಿ ಅಂದ್ರಲ್ಲ, ಎಷ್ಟು?” ಎಂದರು. ನಮ್ಮ ಬಾಯಿ ಕಟ್ಟಿತು. ಒಬ್ಬರು ಧೈರ್ಯ ಮಾಡಿ “ಸಾವಿರಾರು” ಎಂದರು. ಎಂಜಿನಿಯರ್ ಅದನ್ನು ಬರೆದುಕೊಳ್ಳಲಿಲ್ಲ.

ಮುಂದಿನ ಮಂಗಳವಾರ ಬೆಳಿಗ್ಗೆ ಏಳಕ್ಕೆ ಗೇಟಿನೊಳಗೆ ಕುರ್ಚಿ ಹಾಕಿಕೊಂಡು, ರಟ್ಟಿಗೆ ಹಾಳೆ ಸಿಕ್ಕಿಸಿ ಕೂತೆ. ಮೊದಲ ಹಾಳೆ ದಂಡವಾಯಿತು. ಬಂದದ್ದಕ್ಕೆಲ್ಲ ಒಂದೊಂದು ಗೀಟು ಎಳೆಯುತ್ತಾ ಹೋಗಿದ್ದೆ. ಹತ್ತು ನಿಮಿಷ ಕಳೆದ ಮೇಲೆ ಸ್ಕೂಟರಿಗೂ ಕಾಂಕ್ರೀಟ್ ಮಿಕ್ಸರಿಗೂ ಒಂದೇ ತೂಕ ಕೊಟ್ಟಿದ್ದೇನೆಂದು ಹೊಳೆಯಿತು. ಎರಡನೇ ಹಾಳೆಯಲ್ಲಿ ನಾಲ್ಕು ಕಂಬಸಾಲು ಮಾಡಿದೆ: ದ್ವಿಚಕ್ರ, ಕಾರು, ವ್ಯಾನು, ಲಾರಿ-ಬಸ್ಸು. ಅಡ್ಡಕ್ಕೆ ಕಾಲುಗಂಟೆಗೊಂದು ಮನೆ. ನಾಲ್ಕು ಗೀಟು ನಿಲ್ಲಿಸಿ ಐದನೆಯದನ್ನು ಓರೆಯಾಗಿ ಹೊಡೆಯುವ ಹಳೇ ಲೆಕ್ಕ. ಮೊಬೈಲ್ ಕೌಂಟರನ್ನೂ ನೋಡಿದೆ. ಪರದೆಗೆ ತಲೆ ತಗ್ಗಿಸಿ ಎತ್ತುವಷ್ಟರಲ್ಲಿ ಮೂರು ಗಾಡಿ ದಾಟಿರುತ್ತವೆ. ಪೆನ್ಸಿಲಿಗಾದರೆ ಕಣ್ಣು ಬೇಕಿಲ್ಲ.

ಗಂಟೆ ಲೆಕ್ಕದಲ್ಲಿ ನೋಡಿದರೆ ನಮ್ಮ ಬೀದಿಯ ಸ್ಥಿತಿ ಅಂಥ ಘೋರವೇನಲ್ಲ. ಕಾಲುಗಂಟೆಯ ಮನೆಗಳಲ್ಲೇ ವಿಷಯ ಅಡಗಿದ್ದು. 8:15ರಿಂದ 8:30ರೊಳಗೆ 131 ಗಾಡಿ, ಅಂದರೆ ಸುಮಾರು ಏಳು ಸೆಕೆಂಡಿಗೊಂದು. ಒಂದು ಗಂಟೆ ಕಳೆದ ಮೇಲಿನ ಕಾಲುಗಂಟೆಯಲ್ಲಿ 58. ಬುಧವಾರ, ಗುರುವಾರ ಮತ್ತೆ ಕೂತೆ. ಸೋಮವಾರ, ಶುಕ್ರವಾರ ಬೇಕೆಂದೇ ಬಿಟ್ಟೆ. ವಾರದ ಆ ಎರಡು ತುದಿಗಳಲ್ಲಿ ಜನರ ಓಡಾಟದ ರೀತಿಯೇ ಬೇರೆ. ಈ ಮೂರು ದಿನದ ಹಾಳೆ ಹಿಡಿದು ಹೋದಾಗ ಎಂಜಿನಿಯರ್ ಪೆನ್ನು ತೆಗೆದರು.

ಆದರೆ ಅವರ ಎರಡನೇ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: ಬಂದ್‌ಗೆ ಮುಂಚೆ ಎಷ್ಟಿತ್ತು? ನಾನು ಎಣಿಸಿರಲಿಲ್ಲ. ಒಂದು ತಿಂಗಳ ಮುಂಚೆಯೇ ಸೂಚನಾ ಫಲಕ ಹಾಕಿದ್ದರು, ದಿನಾ ನೋಡುತ್ತಿದ್ದೆ. ಒಂದೇ ಒಂದು ಬೆಳಿಗ್ಗೆ ಕೂತಿದ್ದರೂ ಸಾಕಿತ್ತು. ಇಂಥ ಫಲಕ ನಿಮ್ಮ ಕಡೆ ಬಿದ್ದಿದ್ದರೆ ಈ ಬರಹ ಇಲ್ಲಿಗೇ ಬಿಟ್ಟು ಕುರ್ಚಿ ಎತ್ತಿಕೊಂಡು ಹೋಗಿ.

ನಿಜವಾದ ತೊಂದರೆ ಎಲ್ಲಿದೆಯೆಂದು ತಿಳಿದದ್ದು ಜಾಗ ಬದಲಿಸಿ ತಿರುವಿನಲ್ಲಿ ಕೂತ ದಿನ. ಆ ಮೂಲೆಯಲ್ಲಿ ಒಂದು ಲಾರಿ ತಿರುಗಬೇಕಾದರೆ ಎದುರಿನ ಪಥವನ್ನೂ ನುಂಗಬೇಕು. ಎದುರಿಗೆ ಕಾರು ಬಂದರೆ ಅದು ಹಿಂದೆ ಸರಿಯಬೇಕು, ಅದರ ಹಿಂದೆ ಆಗಲೇ ನಾಲ್ಕು ನಿಂತಿರುತ್ತವೆ. ಒಮ್ಮೆ ಎರಡು ಲಾರಿ ಮುಖಾಮುಖಿಯಾದವು. ಒಬ್ಬ ಚಾಲಕ ಕೈ ಚಾಚಿ ತನ್ನ ಕನ್ನಡಿ ಮಡಚಿದ, ಇನ್ನೊಬ್ಬನೂ ಮಡಚಿದ. ಒಂದು ಗೇಣಿನ ಸಂದಿಯಲ್ಲಿ ಆಮೆಯ ಹಾಗೆ ದಾಟಿಕೊಂಡರು. ಅಷ್ಟರಲ್ಲಿ ಸಾಲು ನನ್ನ ಗೇಟಿನವರೆಗೆ ಬಂದಿತ್ತು, ಹಾರ್ನ್ ಬೇರೆ. ಆ ಹೊತ್ತಿನಲ್ಲಿ ದಾಟಿದ ಗಾಡಿ ಎಷ್ಟು? ಹಾಳೆಯಲ್ಲಿ ಆ ಕಾಲುಗಂಟೆಯ ಸಂಖ್ಯೆ ಎಲ್ಲಕ್ಕಿಂತ ಕಡಿಮೆ! ಮಧ್ಯದಲ್ಲಿ ಕೂತು ಎಣಿಸುವವನಿಗೆ ಸಿಕ್ಕಿಬಿದ್ದ ಬೀದಿಯೂ ಖಾಲಿ ಬೀದಿಯೂ ಒಂದೇ ಥರ ಕಾಣುತ್ತವೆ. ಅಲ್ಲಿಂದಾಚೆ ಸಾಲು ಎಷ್ಟನೇ ಮನೆವರೆಗೆ ಬಂತೆಂದೂ ಪಕ್ಕದಲ್ಲಿ ಬರೆಯತೊಡಗಿದೆ.

“ಇವೆಲ್ಲ ಹೊರಗಿನವರ ಗಾಡಿ” ಎಂಬುದು ಬೀದಿಯ ಒಕ್ಕೊರಲ ತೀರ್ಪಾಗಿತ್ತು. ಪರೀಕ್ಷಿಸುವ ಉಪಾಯ ಸುಲಭ. ನಾನು ಬೀದಿಯ ಈ ತುದಿ, ಹೆಂಡತಿ ಆ ತುದಿ. ಇಬ್ಬರ ಗಡಿಯಾರವನ್ನೂ ಹೊಂದಿಸಿಕೊಂಡೆವು. ನಂಬರ್ ಪ್ಲೇಟಿನ ಕೊನೆಯ ಮೂರು ಅಂಕಿ, ಪಕ್ಕದಲ್ಲಿ ನಿಮಿಷ. ಕಣ್ಣು ಸೋಲುವ ಕೆಲಸವಾದ್ದರಿಂದ ಅರ್ಧ ಗಂಟೆಗೇ ನಿಲ್ಲಿಸಿದೆವು. ಸಂಜೆ ಎರಡೂ ಹಾಳೆ ಪಕ್ಕಪಕ್ಕ ಇಟ್ಟು, ಮೂರು ನಿಮಿಷದೊಳಗೆ ಎರಡೂ ಕಡೆ ಕಂಡ ಅಂಕಿಗಳಿಗೆ ಸುತ್ತು ಹಾಕಿದೆವು. ಅವು ನಮ್ಮ ಬೀದಿಯನ್ನು ಬರೀ ದಾರಿಯಾಗಿ ಬಳಸಿದವು. ಸುತ್ತು ಬಿದ್ದದ್ದು ಸುಮಾರು ಮೂರರಲ್ಲಿ ಎರಡು ಭಾಗಕ್ಕೆ. ಉಳಿದವು ನಮ್ಮವೇ, ಇಲ್ಲವೇ ನಮ್ಮ ಮನೆಗಳಿಗೆ ಬಂದವು. ಗಲಾಟೆಯ ಮೂರನೇ ಒಂದು ಪಾಲು ನಮ್ಮದೇ ಎಂದು ಸಭೆಯಲ್ಲಿ ಹೇಳಿದಾಗ ಯಾರಿಗೂ ಖುಷಿಯಾಗಲಿಲ್ಲ. ಆ ಮೂರಂಕಿಯ ಹಾಳೆಗಳನ್ನು ಲೆಕ್ಕವಾದ ಕೂಡಲೇ ಹರಿದು ಹಾಕಿದೆ, ಯಾರ ಗಾಡಿ ಎಲ್ಲಿಗೆ ಹೋಯಿತೆಂಬುದು ನಮಗೆ ಬೇಕಿಲ್ಲದ ವಿಷಯ.

ಆರನೇ ವಾರ ಎಣಿಸಿದಾಗ ಗಾಡಿ ಇಳಿದಿತ್ತು. ತಪ್ಪು ಎಣಿಸಿದೆನೆಂದುಕೊಂಡು ಮಾರನೇ ದಿನವೂ ಕೂತೆ. ಇಳಿದದ್ದು ಹೌದು. ಸ್ವಲ್ಪ ಓದಿದ ಮೇಲೆ ಇದು ಹೊಸದಲ್ಲವೆಂದು ತಿಳಿಯಿತು. ಬ್ರಿಟನ್ನಿನ ಮೂವರು ಸಂಶೋಧಕರು 11 ದೇಶಗಳ 70ಕ್ಕೂ ಹೆಚ್ಚು ಇಂಥ ಪ್ರಕರಣಗಳನ್ನು ಒಟ್ಟುಹಾಕಿ 2002ರಲ್ಲಿ ಪ್ರಕಟಿಸಿದ್ದಾರೆ. ರಸ್ತೆಯ ಜಾಗ ಕಡಿಮೆಯಾದಾಗ ಸುತ್ತಲಿನ ಬೀದಿಗಳನ್ನೂ ಸೇರಿಸಿ ಲೆಕ್ಕ ಹಾಕಿದರೂ ಒಂದಷ್ಟು ಟ್ರಾಫಿಕ್ ಕಾಣೆಯಾಗುತ್ತದೆ. ಸರಾಸರಿ ಸುಮಾರು 22 ಶೇಕಡಾ. ಆದರೆ ಸರಾಸರಿಯನ್ನು ಕೆಲವು ದೊಡ್ಡ ಪ್ರಕರಣಗಳು ಮೇಲಕ್ಕೆಳೆದಿವೆ, ಅರ್ಧದಷ್ಟು ಕಡೆ ಇಳಿದದ್ದು 11 ಶೇಕಡಾಕ್ಕಿಂತ ಕಡಿಮೆ. ಈ ಎರಡನೇ ಅಂಕಿಯನ್ನು ಯಾರೂ ಹೇಳುವುದಿಲ್ಲ. ಗಾಡಿಗಳು ಆವಿಯಾಗುವುದೂ ಇಲ್ಲ. ಜನ ಹೊತ್ತು ಬದಲಿಸುತ್ತಾರೆ, ಎರಡು ಕೆಲಸವನ್ನು ಒಂದೇ ಓಡಾಟದಲ್ಲಿ ಮುಗಿಸುತ್ತಾರೆ, ಕೆಲವರು ನಡೆಯುತ್ತಾರೆ, ಕೆಲವರು ಹೋಗುವುದನ್ನೇ ಬಿಡುತ್ತಾರೆ.

ಆ ‘ಬಿಡುತ್ತಾರೆ’ ಯಾರೆಂದು ನಮ್ಮ ಬೀದಿಯಲ್ಲೇ ಕಂಡೆ. ಬಸ್ಸಿನ ದಾರಿ ಬದಲಾಗಿ ನಿಲ್ದಾಣ ದೂರವಾಗಿತ್ತು. ಎದುರು ಮನೆಯ ಅಜ್ಜಿ ವಾರಕ್ಕೆರಡು ಸಲ ತಂಗಿಯ ಮನೆಗೆ ಹೋಗುತ್ತಿದ್ದವರು ಹೋಗುವುದನ್ನೇ ನಿಲ್ಲಿಸಿದರು. ಸಂಜೆ ಎದುರುಬದುರು ಗೇಟಿಗೆ ಒರಗಿ ಮಾತಾಡುವುದೂ ನಿಂತಿತ್ತು, ಕೂಗಿ ಮಾತಾಡಲು ಯಾರಿಗೆ ಇಷ್ಟ? ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರ ವಿನ್ಯಾಸಕರು ಸಾನ್ ಫ್ರಾನ್ಸಿಸ್ಕೋದ ಮೂರು ಬೀದಿಗಳಲ್ಲಿ ಇದನ್ನೇ ಕೇಳಿ 1972ರಲ್ಲಿ ಬರೆದಿದ್ದರು. ದಿನಕ್ಕೆ ಸುಮಾರು 2,000 ಗಾಡಿಯ ಬೀದಿಯವರಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರು. ಸುಮಾರು 16,000 ಗಾಡಿಯ ಬೀದಿಯಲ್ಲಿ ಒಬ್ಬರಿಗಿಂತಲೂ ಕಡಿಮೆ.

ಇನ್ನು ನಾವು ಮಾಡಿದ ಎಡವಟ್ಟು. ಮೂರನೇ ತಿಂಗಳಲ್ಲಿ ತಾಳ್ಮೆ ಕೆಟ್ಟು, ಒಂದು ಭಾನುವಾರ ಬೀದಿಯ ಬಾಯಿಗೆ ಡ್ರಮ್ಮು ಅಡ್ಡ ಇಟ್ಟೆವು. ಅನುಮತಿ ಕೇಳಿರಲಿಲ್ಲ. ನಾನೂ ಎತ್ತಿದವನೇ. ಸೋಮವಾರ ಬೀದಿ ತಣ್ಣಗಿತ್ತು, ಎಲ್ಲರೂ ಬೆನ್ನು ತಟ್ಟಿಕೊಂಡೆವು. ಮಂಗಳವಾರ ಕಸದ ಲಾರಿ ಬರಲಿಲ್ಲ, ಬರಲು ನಾವೇ ಬಿಟ್ಟಿರಲಿಲ್ಲ. ಬುಧವಾರ ಕೆಳಗಿನ ಗಲ್ಲಿಯವರು ಬಂದರು. ಅವರ ಗಲ್ಲಿ ನಮ್ಮದಕ್ಕಿಂತ ಕಿರಿದು, ಮೆಟ್ಟಿಲುಗಳು ನೇರ ರಸ್ತೆಗೇ ಇಳಿಯುತ್ತವೆ. ನಮ್ಮ ಗಾಡಿಗಳೆಲ್ಲ ಅಲ್ಲಿಗೆ ನುಗ್ಗಿದ್ದವು. ಅವರಲ್ಲೊಬ್ಬಳು ಹುಡುಗಿ ಹಾಳೆ ತಂದಿದ್ದಳು. ನಾಲ್ಕು ಗೀಟು, ಐದನೆಯದು ಓರೆ. ನನ್ನಿಂದ ಕಲಿತದ್ದಂತೆ. ಅವತ್ತು ಸಂಜೆಯೇ ಡ್ರಮ್ಮು ತೆಗೆದೆವು.

ರಸ್ತೆ ಮುಚ್ಚಿದರೆ ಟ್ರಾಫಿಕ್ ಸುಧಾರಿಸುತ್ತದೆಂದು ಒಬ್ಬರು ಸಭೆಯಲ್ಲಿ ಬ್ರೇಸ್ ವಿರೋಧಾಭಾಸದ ಮಾತೆತ್ತಿದ್ದರು. ಜರ್ಮನ್ ಗಣಿತಜ್ಞ ಡೀಟ್ರಿಶ್ ಬ್ರೇಸ್ 1968ರಲ್ಲಿ ತೋರಿಸಿದ್ದು, ಹೊಸ ರಸ್ತೆ ಸೇರಿಸಿದರೆ ಎಲ್ಲರ ಪ್ರಯಾಣವೂ ನಿಧಾನವಾಗುವ ಸಂದರ್ಭ ಇರಬಲ್ಲದು ಎಂದು. ಇರಬಲ್ಲದು, ಅಷ್ಟೇ. ಕೆಳಗಿನ ಗಲ್ಲಿಯವರ ಮುಂದೆ ಅದನ್ನು ಹೇಳಲು ನನಗಂತೂ ನಾಲಿಗೆ ಬರಲಿಲ್ಲ.

ಆಮೇಲೆ ಎರಡೂ ಬೀದಿಯವರು ಒಟ್ಟಿಗೆ ಹೋದೆವು, ಎರಡೂ ಹಾಳೆಗಳೊಂದಿಗೆ. ಫಲ ಕೊಟ್ಟದ್ದು ಸಣ್ಣ ಸಣ್ಣವೇ. ‘ಸ್ಥಳೀಯರಿಗೆ ಮಾತ್ರ’ ಫಲಕ ನಮ್ಮ ಬೀದಿಯ ಬಾಯಲ್ಲಿತ್ತು. ಅಲ್ಲಿವರೆಗೆ ಬಂದ ಲಾರಿ ಹಿಂದೆ ಹೋಗುತ್ತದೆಯೇ? ಅದನ್ನು ಬದಲಿ ಮಾರ್ಗ ಕವಲೊಡೆಯುವ ಜಾಗಕ್ಕೆ, ಒಂದೂವರೆ ಕಿಲೋಮೀಟರ್ ಹಿಂದಕ್ಕೆ ಒಯ್ದರು. ಬೆಳಿಗ್ಗೆ ಎರಡು ಗಂಟೆಗಳ ಕಾಲ ಮೂಲೆಯಲ್ಲಿ ಲಾರಿ ತಿರುಗುವುದನ್ನು ನಿಷೇಧಿಸಿದರು. ನಿಷೇಧವನ್ನು ಮ್ಯಾಪ್ ಆ್ಯಪ್‌ಗಳಿಗೂ ತಿಳಿಸಿದೆವು, ಅಲ್ಲಿ ಬದಲಾಗಲು ದಿನ ಹಿಡಿಯಿತು. ಇನ್ನೊಂದು ನಮ್ಮದೇ ಯೋಚನೆ: ಗಾಡಿಗಳನ್ನು ಒಂದೇ ಬದಿಗೆ ನಿಲ್ಲಿಸುವ ಬದಲು ಅಲ್ಲಲ್ಲಿ ಬದಿ ಬದಲಿಸಿ ನಿಲ್ಲಿಸಿದೆವು. ದಾರಿ ಹಾವಿನಂತೆ ಬಳುಕಿ ವೇಗ ತಾನಾಗಿ ಇಳಿಯಿತು. ಮೂಲೆಯ ಹತ್ತಿರ ಮಾತ್ರ ಎರಡೂ ಬದಿ ಖಾಲಿ ಬಿಟ್ಟೆವು.

ಲಾರಿ ನಿಲ್ಲಿಸಲು ಹಟ ಹಿಡಿದದ್ದಕ್ಕೆ ಕಾರಣ ಸದ್ದು ಮಾತ್ರವಲ್ಲ. ರಸ್ತೆ ಸವೆಯುವುದು ಚಕ್ರದ ಅಚ್ಚಿನ (ಆ್ಯಕ್ಸಲ್) ಮೇಲಿನ ಭಾರದ ಸುಮಾರು ನಾಲ್ಕನೇ ಘಾತದಷ್ಟು. ಭಾರ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ಲಾರಿ ಓಡಿಸಿ ಓಡಿಸಿ ಕಂಡುಕೊಂಡ ಲೆಕ್ಕವಿದು. ಹಾಗಾಗಿ ಮೊದಲ ಎಣಿಕೆಯ ದಿನವೇ ರಸ್ತೆಯ ಮೇಲ್ಮೈ, ಚರಂಡಿ ಮುಚ್ಚಳ, ಕಾಂಪೌಂಡ್ ಗೋಡೆಯ ಬಿರುಕುಗಳಿಗೆ ಅಳತೆಪಟ್ಟಿ ಹಿಡಿದು ಫೋಟೋ ತೆಗೆದಿಟ್ಟಿದ್ದೆ. ಹದಿನಾಲ್ಕು ತಿಂಗಳ ನಂತರ ಬೀದಿಗೆ ಮರುಡಾಂಬರು ಬಿದ್ದದ್ದು ಆ ಫೋಟೋಗಳ ಬಲದಿಂದ. ಗೋಡೆಯ ಬಿರುಕುಗಳ ಮಾತು ಮಾತ್ರ ಬಗೆಹರಿಯಲಿಲ್ಲ. ಕೆಲವು ಮೊದಲೇ ಇದ್ದವೆಂದು ನನ್ನ ಫೋಟೋಗಳೇ ಸಾಕ್ಷಿ ನುಡಿದವು!

ಸೇತುವೆ ತೆರೆದ ಎರಡನೇ ವಾರದ ಮಂಗಳವಾರ ಮತ್ತೆ ಕುರ್ಚಿ ಹಾಕಿದೆ. 8:15ರ ಕಾಲುಗಂಟೆಯಲ್ಲಿ 47. ಹದಿನಾಲ್ಕು ತಿಂಗಳಲ್ಲಿ ನಮ್ಮ ಬೀದಿಯ ಪರಿಚಯ ಮಾಡಿಕೊಂಡ ಕೆಲವರು ಇನ್ನೂ ಬರುತ್ತಿರಬಹುದು, ಅಥವಾ ಮೊದಲೂ ಇಷ್ಟೇ ಇತ್ತೋ ಏನೋ. ಹೋಲಿಸಲು ಹಾಳೆ ಇಲ್ಲ. ಎದುರು ಮನೆಯ ಅಜ್ಜಿ ಗೇಟು ತೆಗೆದು, ಎರಡು ಕಡೆ ನೋಡಿ, ರಸ್ತೆ ದಾಟಿ ನನ್ನ ಹತ್ತಿರ ಬಂದು, “ಇನ್ನೂ ಮುಗೀಲಿಲ್ವಾ ನಿಂದು?” ಎಂದರು. ಆ ಮಾತಿಗೆ ತಿರುಗಿದ್ದರಲ್ಲಿ ಒಂದು ಸ್ಕೂಟರ್ ಲೆಕ್ಕ ತಪ್ಪಿತು.