ರೋಟವೇಟರ್ ಯಾಕೆ ನಡುಗುತ್ತದೆ? ಬಿಚ್ಚುವ ಮೊದಲು ಪತ್ತೆ ಮಾಡಿ

ಟ್ರ್ಯಾಕ್ಟರ್ ಹಿಂದೆ ಕಟ್ಟಿ ಮಣ್ಣು ಪುಡಿ ಮಾಡುವ ರೋಟವೇಟರ್ ಕಳೆದ ಸಲ ಸುಮ್ನೆ ಓಡುತ್ತಿತ್ತು. ಈ ಸಲ ಪಿಟಿಒ (ಎಂಜಿನ್‌ನ ಶಕ್ತಿಯನ್ನು ಹಿಂದಿನ ಯಂತ್ರಕ್ಕೆ ಕೊಡುವ, ಟ್ರ್ಯಾಕ್ಟರ್‌ನ ತಿರುಗುವ ತುದಿ) ಹಾಕಿದ ಕೂಡಲೇ ಗಡಗಡ ಅನ್ನುತ್ತದೆ. ಸೀಟಿನಲ್ಲಿ ಕೂತವರ ಹಲ್ಲೂ ಕಟಕಟ. 'ಬೇರಿಂಗ್ ಹೋಗಿರಬೇಕು' ಅಂತ ಸ್ಪ್ಯಾನರ್ ಹಿಡಿಯುವವರೇ ಜಾಸ್ತಿ. ನಾನೂ ಹಾಗೇ ಮಾಡಿದ್ದೆ. ರೋಟರ್‌ನ (ಬ್ಲೇಡ್ ಕಟ್ಟಿದ ತಿರುಗುವ ಪೈಪಿನ) ಎರಡೂ ಕಡೆ ಬೇರಿಂಗ್ ಬದಲಿಸಿ ಓಡಿಸಿದರೆ ನಡುಕ ಒಂಚೂರೂ ಕಡಿಮೆಯಾಗಿರಲಿಲ್ಲ. ತಪ್ಪು ಇದ್ದದ್ದು ಪಿಟಿಒ ಶಾಫ್ಟ್‌ನಲ್ಲಿ, ಅಂದರೆ ಪಿಟಿಒದಿಂದ ರೋಟವೇಟರ್‌ಗೆ ತಿರುಗುವಿಕೆ ಒಯ್ಯುವ ದಂಡದಲ್ಲಿ. ಗ್ರೀಸ್ ಹಚ್ಚಲೆಂದು ಅದನ್ನು ಬಿಚ್ಚಿ, ಅಡ್ಡಾದಿಡ್ಡಿ ಸೇರಿಸಿದವನೂ ನಾನೇ!

ಅದಕ್ಕೇ, ನಡುಕ ಯಾವಾಗ ಬರುತ್ತದೆ ಅಂತ ಮೊದಲು ಗಮನಿಸಿ.

ಎಣಿಸಿ ನೋಡಿ

ಪಿಟಿಒ ಆಫ್ ಮಾಡಿ, ಎಂಜಿನ್ ಮಾತ್ರ ಕೆಲಸದ ವೇಗಕ್ಕೆ ಏರಿಸಿ. ಆಗಲೂ ನಡುಗಿದರೆ ತೊಂದರೆ ಟ್ರ್ಯಾಕ್ಟರ್‌ನದ್ದು, ರೋಟವೇಟರ್ ಮುಟ್ಟಬೇಕಿಲ್ಲ. ಇಲ್ಲವೆಂದರೆ ಬ್ಲೇಡ್ ನೆಲ ಬಿಡುವಷ್ಟು ಮಾತ್ರ ಎತ್ತಿ. ಹತ್ತಿರ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ಕಡಿಮೆ ಆಕ್ಸಿಲರೇಟರ್‌ನಲ್ಲಿ ಪಿಟಿಒ ಹಾಕಿ, ನಿಧಾನವಾಗಿ ವೇಗ ಏರಿಸಿ.

ಈಗ ಕಿವಿ ಕೊಡಿ. ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 9 ಸುತ್ತು, ಎಣಿಸಲು ಆಗುವುದಿಲ್ಲ. ಆದರೆ ಬ್ಲೇಡ್ ಇರುವ ರೋಟರ್ ಅದಕ್ಕಿಂತ ನಿಧಾನ, ಸಾಮಾನ್ಯವಾಗಿ ನಿಮಿಷಕ್ಕೆ 200ರ ಆಸುಪಾಸು. ಸೆಕೆಂಡಿಗೆ ಮೂರ್ನಾಲ್ಕು ಸಲ 'ದಡ್ ದಡ್' ಎಂದು ಎಣಿಸುವಂತೆ ಗುದ್ದಿದರೆ ಅನುಮಾನ ರೋಟರ್ ಮತ್ತು ಬ್ಲೇಡ್ ಮೇಲೆ. ಎಣಿಸಲಾಗದಂತೆ 'ಗುರ್ರ್' ಅಂದರೆ ಶಾಫ್ಟ್ ಕಡೆ ನೋಡಿ. ಜಾಸ್ತಿ ಎತ್ತಿದಾಗ ಮಾತ್ರ ಗರಗರ ಅನ್ನುತ್ತದಾ? ಅದೂ ಶಾಫ್ಟ್‌ನದ್ದೇ ಕಥೆ. ಮಣ್ಣಿಗಿಳಿಸಿದಾಗ ಇಡೀ ಯಂತ್ರ ಆಚೀಚೆ ಓಲಾಡಿದರೆ, ರೋಟವೇಟರ್ ಎತ್ತುವ ಟ್ರ್ಯಾಕ್ಟರ್‌ನ ಕೆಳಗಿನ ಲಿಂಕ್‌ಗಳ ಪಕ್ಕದ ಚೈನ್ ಸಡಿಲವಾಗಿದೆಯೇ ನೋಡಿ. ಎರಡು ನಿಮಿಷದ ಕೆಲಸ.

ಇನ್ನು ಕೈ ಹಾಕುವ ಮುಂಚೆ ಪಿಟಿಒ ಆಫ್, ಎಂಜಿನ್ ಆಫ್, ಕೀ ಜೇಬಿಗೆ. ತಿರುಗುವುದು ಪೂರ್ತಿ ನಿಲ್ಲಲಿ. ಎತ್ತಿದ ರೋಟವೇಟರ್ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಿ. ಹೈಡ್ರಾಲಿಕ್ ನಂಬಿ ಅದರಡಿ ಕೈ ಇಡಬೇಡಿ.

ಶಾಫ್ಟ್

ಪಿಟಿಒ ಶಾಫ್ಟ್‌ನ ಎರಡು ತುದಿಯಲ್ಲೂ ಒಂದೊಂದು ಕ್ರಾಸ್, ಅಂದರೆ ಶಾಫ್ಟ್ ಓರೆಯಾದರೂ ತಿರುಗುವಂತೆ ಮಾಡುವ ಕೀಲು, ಇರುತ್ತದೆ. ಕ್ರಾಸ್ ಓರೆಯಾಗಿ ತಿರುಗುವಾಗ ಒಂದು ಗುಣ ತೋರಿಸುತ್ತದೆ: ಆ ಕಡೆಯಿಂದ ವೇಗ ಒಂದೇ ಸಮ ಬಂದರೂ ಈ ಕಡೆಗೆ ಪ್ರತಿ ಸುತ್ತಿನಲ್ಲಿ ಎರಡು ಸಲ ಚುರುಕಾಗಿ, ಎರಡು ಸಲ ನಿಧಾನವಾಗಿ ಕೊಡುತ್ತದೆ. ಮೊದಲ ಕ್ರಾಸ್ ಮಾಡಿದ ಈ ಏರಿಳಿತವನ್ನು ಎರಡನೆಯದು ಸರಿದೂಗಿಸುತ್ತದೆ. ಆದರೆ ಅದಕ್ಕೆ ಎರಡು ಷರತ್ತು.

ಒಂದು, ಶಾಫ್ಟ್‌ನ ಒಳಬದಿಯ ಎರಡೂ ಯೋಕ್‌ಗಳು, ಅಂದರೆ ಎರಡು ಕಿವಿಯ ಕವಲುಗಳು, ಒಂದೇ ಸಾಲಿನಲ್ಲಿರಬೇಕು. ಶಾಫ್ಟ್ ಬಿಚ್ಚಿ ಸಮತಟ್ಟಾದ ಜಾಗದಲ್ಲಿ ಮಲಗಿಸಿ. ಒಂದು ಯೋಕ್‌ನ ಕಿವಿಗಳು ಅಡ್ಡಡ್ಡ ಮಲಗಿದ್ದರೆ ಇನ್ನೊಂದರ ಕಿವಿಗಳೂ ಹಾಗೇ ಮಲಗಬೇಕು. ಒಂದು ಮಲಗಿ ಇನ್ನೊಂದು ನಿಂತಿದ್ದರೆ ಏರಿಳಿತ ಸರಿದೂಗುವುದಿರಲಿ, ಇನ್ನಷ್ಟು ಏರುತ್ತದೆ. ಚೌಕದ ಶಾಫ್ಟ್ ನಾಲ್ಕು ಬಗೆಯಲ್ಲಿ ಸೇರಿಕೊಳ್ಳುತ್ತದೆ, ಅದರಲ್ಲಿ ಸರಿಯಾದದ್ದು ಎರಡೇ. ನಾನು ಎಡವಿದ್ದು ಇಲ್ಲೇ. ಈಗ ಬಿಚ್ಚುವ ಮುಂಚೆ ಎರಡೂ ಭಾಗಕ್ಕೆ ಬಣ್ಣದ ಗೆರೆ ಎಳೆದೇ ಬಿಚ್ಚುತ್ತೇನೆ.

ಎರಡು, ಎರಡೂ ಕ್ರಾಸ್‌ಗಳ ಓರೆ ಸಮ ಇರಬೇಕು. ಕೆಲಸದ ಆಳಕ್ಕೆ ಇಳಿಸಿದಾಗ ರೋಟವೇಟರ್‌ನ ಗೇರ್‌ಬಾಕ್ಸ್‌ಗೆ ಶಾಫ್ಟ್ ಸೇರುವ ತುದಿ, ಟ್ರ್ಯಾಕ್ಟರ್‌ನ ಪಿಟಿಒ ತುದಿಗೆ ಸಮಾನಾಂತರವಾಗಿರಲಿ. ರೋಟವೇಟರ್ ಮುಂದಕ್ಕೋ ಹಿಂದಕ್ಕೋ ಬಾಗಿದ್ದರೆ ಟಾಪ್ ಲಿಂಕ್ (ಟ್ರ್ಯಾಕ್ಟರ್‌ಗೂ ರೋಟವೇಟರ್‌ಗೂ ಮೇಲ್ಗಡೆ ಜೋಡಿಸುವ ಸರಳು) ತಿರುಗಿಸಿ ಸರಿ ಮಾಡಿ. ಸಾಲಿನ ಕೊನೆಯಲ್ಲಿ ತಿರುಗುವಾಗ ಪಿಟಿಒ ಆಫ್ ಮಾಡದೆ ಪೂರ್ತಿ ಮೇಲಕ್ಕೆ ಎತ್ತುತ್ತಾರಲ್ಲ, ಕ್ರಾಸ್‌ಗಳನ್ನು ಬೇಗ ತಿನ್ನುವ ಅಭ್ಯಾಸ ಅದು.

ಜೊತೆಗೆ ಕ್ರಾಸ್ ಹಿಡಿದು ಅಲುಗಿಸಿ. ಲಟಕ್ ಲಟಕ್ ಅಂದರೆ ಒಳಗಿನ ಸೂಜಿ ಬೇರಿಂಗ್ ಸವೆದಿದೆ, ಹೊಸ ಕ್ರಾಸ್ ಬೇಕು. ಗ್ರೀಸ್ ಹೊಡೆದು ಸರಿ ಮಾಡುವ ಆಸೆ ಬೇಡ.

ಬ್ಲೇಡ್

ಗುದ್ದು ಎಣಿಸಲು ಆಗುತ್ತಿತ್ತಾ? ಹಾಗಾದರೆ ಇಲ್ಲಿಂದ ಶುರು ಮಾಡಿ. ಒಂದು ಫ್ಲೇಂಜ್‌ಗೆ (ರೋಟರ್ ಮೇಲಿನ, ಬ್ಲೇಡ್ ಕೂರಿಸುವ ಬಿಲ್ಲೆಗೆ) ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಲ್ಲಿಂದ ಒಂದೊಂದೇ ನೋಡುತ್ತಾ ಹೋಗಿ. ಸಾಮಾನ್ಯವಾಗಿ ಫ್ಲೇಂಜ್ ಒಂದಕ್ಕೆ 6 ಬ್ಲೇಡ್, 3 ಎಡಕ್ಕೆ ಬಾಗಿದವು, 3 ಬಲಕ್ಕೆ. ಮುರಿದದ್ದು, ಬಿದ್ದುಹೋದದ್ದು ಕಣ್ಣಿಗೇ ಕಾಣುತ್ತದೆ. ಸಡಿಲಾದದ್ದು ಕಾಣುವುದಿಲ್ಲ. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ: ಬಿಗಿಯಾದದ್ದು 'ಠಣ್' ಅನ್ನುತ್ತದೆ, ಸಡಿಲಾದದ್ದು 'ಟಪ್'.

ಬ್ಲೇಡ್‌ಗಳನ್ನು ರೋಟರ್ ಉದ್ದಕ್ಕೂ ಸುರುಳಿಯಾಗಿ ಜೋಡಿಸಿರುತ್ತಾರೆ, ಎಲ್ಲವೂ ಒಟ್ಟಿಗೆ ನೆಲಕ್ಕೆ ಬಡಿಯದೆ ಒಂದಾದ ಮೇಲೆ ಒಂದು ಕಚ್ಚಲಿ ಅಂತ. ಆ ಸಾಲು ತಪ್ಪಿದರೆ ಹೊಸ ಬ್ಲೇಡ್ ಹಾಕಿದರೂ ಕುಣಿತ ನಿಲ್ಲುವುದಿಲ್ಲ. ಬಿಚ್ಚುವ ಮುಂಚೆ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಅರ್ಧ ಸವೆದ ಬ್ಲೇಡ್ ಎದುರಿಗೆ ಹೊಸದೊಂದನ್ನೇ ಹಾಕಿದರೆ ತೂಕ ಒಂದು ಕಡೆ ವಾಲುತ್ತದೆ, ಎದುರುಬದುರಿನ ಜೋಡಿಯನ್ನು ಒಟ್ಟಿಗೇ ಬದಲಿಸಿ.

ಇಷ್ಟಾದರೂ ನಿಲ್ಲದಿದ್ದರೆ

ಈಗ ಬೇರಿಂಗ್ ಸರದಿ. ರೋಟರ್ ಕೆಳಗೆ ಹಾರೆ ಕೊಟ್ಟು ಮೇಲಕ್ಕೆ ಮೀಟಿ, ತುದಿಯಲ್ಲಿ ಅಲುಗಾಟ ಕಂಡರೆ ಬೇರಿಂಗ್ ಮುಗಿದಿದೆ. ಅಲ್ಲಿ ಹಗ್ಗ, ಪ್ಲಾಸ್ಟಿಕ್, ತಂತಿ ಸುತ್ತಿಕೊಂಡಿದ್ದರೆ ಕತ್ತರಿಸಿ ತೆಗೆಯಿರಿ. ಸೀಲ್ ಹರಿದು ಬೇರಿಂಗ್ ಹಾಳಾಗುವುದು ಹೆಚ್ಚಾಗಿ ಇದರಿಂದಲೇ.

ರೋಟರ್ ಪೈಪೇ ಬಾಗಿದೆಯೇ ನೋಡಲು ಚೌಕಟ್ಟಿಗೆ ಒಂದು ಕಡ್ಡಿ ಕಟ್ಟಿ, ಅದರ ತುದಿ ಪೈಪಿಗೆ ತಾಗಿಯೂ ತಾಗದಂತಿರಲಿ. ಪಿಟಿಒ ಶಾಫ್ಟ್ ಕಳಚಿ, ರೋಟರ್ ಕೈಯಲ್ಲಿ ತಿರುಗಿಸಿ. ನಡುವಿನ ಸಂದು ಹಿಗ್ಗಿ ಕುಗ್ಗಿದರೆ ಪೈಪ್ ಬಾಗಿದೆ. ಅದು ವರ್ಕ್‌ಶಾಪ್ ಕೆಲಸ, ಮನೆಯಲ್ಲಿ ಬಡಿದು ನೇರ ಮಾಡಲು ಹೋಗಬೇಡಿ. ಗೇರ್‌ಬಾಕ್ಸ್ ಎಣ್ಣೆಯಲ್ಲಿ ಲೋಹದ ಚೂರು ಕಂಡರೂ ಅಷ್ಟೇ.

ಒಂದು ಸಲಕ್ಕೆ ಒಂದೇ ರಿಪೇರಿ ಮಾಡಿ, ಓಡಿಸಿ ನೋಡಿ, ಆಮೇಲೆ ಮುಂದಿನದ್ದು. ಬ್ಲೇಡ್ ಬದಲಿಸಿದ್ದರೆ ಮೊದಲ ಒಂದು ಗಂಟೆ ಓಡಿದ ಮೇಲೆ ನಿಲ್ಲಿಸಿ, ಬೋಲ್ಟ್‌ಗಳಿಗೆಲ್ಲ ಇನ್ನೊಮ್ಮೆ ಸ್ಪ್ಯಾನರ್ ಹಾಕಿ. ಹೊಸದರಲ್ಲಿ ಒಂದೆರಡಾದರೂ ಸಡಿಲಾಗಿರುತ್ತವೆ.