ಲಕ್ಕಿ ಸೊಪ್ಪನ್ನು ಲ್ಯಾಪ್‌ಟಾಪಿನಲ್ಲಿ ಅರೆಯುವುದು ಹೇಗೆ?

ಕೀಲು ಊದಿದರೆ ಲಕ್ಕಿ ಸೊಪ್ಪು ಕುದಿಸಿ ಶಾಖ ಕೊಡುವುದು ನಮ್ಮಲ್ಲಿ ಹಳೆಯ ರೂಢಿ. ಆ ಸೊಪ್ಪಿನಲ್ಲಿರುವ ಯಾವ ಅಣು ಊತದ ತಂಟೆಗೆ ಹೋಗುತ್ತಿರಬಹುದು? ಲ್ಯಾಬಿಗೆ ಕಾಲಿಡುವ ಮೊದಲೇ ಒಂದು ಅಂದಾಜು ಮಾಡಬಹುದು. ಅಣುವನ್ನು ಪ್ರೋಟೀನಿನ ಪೊಟರೆಯಲ್ಲಿ ಕಂಪ್ಯೂಟರಿನಲ್ಲೇ ಕೂರಿಸಿ ಎಷ್ಟು ಹೊಂದುತ್ತದೆ ಎಂದು ನೋಡುವುದು, ಇದಕ್ಕೆ ಡಾಕಿಂಗ್ ಅಂತಾರೆ. ಬೇಕಾದ ಸಾಫ್ಟ್‌ವೇರ್ ಬಿಟ್ಟಿ ಸಿಗುತ್ತದೆ.

ಮೊದಲು ಪ್ರೋಟೀನ್ ಆರಿಸಿಕೊಳ್ಳಿ. ನೋವು, ಊತ ತರುವ ಪ್ರೊಸ್ಟಗ್ಲಾಂಡಿನ್ ತಯಾರಿಯಲ್ಲಿ ಕಾಕ್ಸ್-2 ಎಂಬ ಕಿಣ್ವದ ಕೈವಾಡವಿದೆ. ಪ್ರೋಟೀನ್ ಡೇಟಾ ಬ್ಯಾಂಕ್ ತಾಣದಲ್ಲಿ 5ಕೆಐಆರ್ (5KIR) ಎಂದು ಹುಡುಕಿದರೆ ಮನುಷ್ಯರ ಕಾಕ್ಸ್-2ರ ರಚನೆಯ ಫೈಲ್ ಸಿಗುತ್ತದೆ. ಅದರ ಪೊಟರೆಯಲ್ಲಿ ರೊಫೆಕಾಕ್ಸಿಬ್ ಎಂಬ ನೋವಿನ ಔಷಧಿ ಕೂತಿರುತ್ತದೆ. ಹೃದಯಾಘಾತದ ಅಪಾಯದಿಂದಾಗಿ 2004ರಲ್ಲಿ ಮಾರುಕಟ್ಟೆಯಿಂದ ವಾಪಸಾದ ಮಾತ್ರೆ ಅದು. ನಮಗೆ ಅಳತೆಗೋಲಾಗಿ ಸಾಕು. (ಕಾಕ್ಸ್-2 ತಡೆದರೆ ನೋವು ಇಳಿಯುತ್ತದೆ, ರುಮಟಾಯ್ಡ್ ಸಂಧಿವಾತದಲ್ಲಿ ಮೂಳೆ ಸವೆಯುವುದು ನಿಲ್ಲುವುದಿಲ್ಲ. ಅದಕ್ಕೆ ಜೇಕ್, ಟಿಎನ್‌ಎಫ್ ಥರದ ಬೇರೆ ಪ್ರೋಟೀನುಗಳು ಗುರಿ. ಕಲಿಯುವವರಿಗೆ ಇದು ಸುಲಭ, ಅಷ್ಟೇ.) ಫೈಲಿನಿಂದ ನೀರಿನ ಅಣುಗಳನ್ನು ತೆಗೆಯಿರಿ, ಹೈಡ್ರೋಜನ್ ಸೇರಿಸಿ.

ಈಗ ಸೊಪ್ಪಿನ ಸರದಿ. ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯವರು ಕಟ್ಟಿದ ಇಂಪ್ಯಾಟ್ (IMPPAT) ಎಂಬ ಔಷಧಿ ಗಿಡಗಳ ಅಣುಭಂಡಾರದಲ್ಲಿ ಗಿಡದ ಹೆಸರು ಹಾಕಿ. ಲಕ್ಕಿಗೆ ವೈಟೆಕ್ಸ್ ನೆಗುಂಡೊ ಎನ್ನಬೇಕು. ಸಿಕ್ಕ ಅಣುಗಳನ್ನೆಲ್ಲ ತುಂಬಿಕೊಳ್ಳಬೇಡಿ. ನುಂಗುವ ಮಾತ್ರೆಯಾಗಬೇಕಾದರೆ ಅಣುತೂಕ 500ರ ಒಳಗಿದ್ದರೆ ಒಳ್ಳೆಯದು ಎಂಬುದು ಔಷಧ ವಿಜ್ಞಾನಿ ಲಿಪಿನ್ಸ್ಕಿ ಹೇಳಿದ ಲೆಕ್ಕಗಳಲ್ಲಿ ಒಂದು. ಲಕ್ಕಿಯಲ್ಲಿರುವ ಕ್ಯಾಸ್ಟಿಸಿನ್ ಎಂಬ ಅಣುವಿನ ತೂಕ 374, ಪಾಸು.

ಮುಂದಿನದು ಆಟೋಡಾಕ್ ವೀನಾ, ಡಾಕಿಂಗ್ ಮಾಡುವ ಸಾಫ್ಟ್‌ವೇರ್. ಎಲ್ಲಿ ಹುಡುಕಬೇಕು ಎಂದು ಅದಕ್ಕೊಂದು ಪೆಟ್ಟಿಗೆ ತೋರಿಸಬೇಕು. ರೊಫೆಕಾಕ್ಸಿಬ್ ಕೂತ ಜಾಗವೇ ನಡುಬಿಂದು, ಪ್ರತಿ ಬದಿ 20 ಆಂಗ್‌ಸ್ಟ್ರಾಮ್ (ಅಣುಗಳನ್ನು ಅಳೆಯುವ ಅತಿ ಚಿಕ್ಕ ಮಾನ) ಇರಲಿ. ಮೊದಲ ಸಲ ನಾನು ನಡುಬಿಂದುವನ್ನು ಸೊನ್ನೆ, ಸೊನ್ನೆ, ಸೊನ್ನೆ ಎಂದೇ ಬಿಟ್ಟಿದ್ದೆ. ಪ್ರೋಟೀನ್ ಒಂದು ಕಡೆ, ಪೆಟ್ಟಿಗೆ ಇನ್ನೊಂದು ಕಡೆ. ರಾತ್ರಿಯಿಡೀ ಓಡಿದ ಲ್ಯಾಪ್‌ಟಾಪ್ ಬೆಳಿಗ್ಗೆ ಎಲ್ಲ ಅಣುಗಳಿಗೂ ಸೊನ್ನೆ ಸುತ್ತಿ ಕೂತಿತ್ತು!

ಹಾಗಾಗಿ ಮೊದಲು ರೊಫೆಕಾಕ್ಸಿಬನ್ನೇ ಹೊರಗೆ ತೆಗೆದು ಮತ್ತೆ ಕೂರಿಸಿ ನೋಡಿ. ಹಳೆಯ ಜಾಗಕ್ಕೂ ಹೊಸ ಜಾಗಕ್ಕೂ 2 ಆಂಗ್‌ಸ್ಟ್ರಾಮ್‌ಗಿಂತ ಕಡಿಮೆ ವ್ಯತ್ಯಾಸ ಬಂದರೆ ಮುಂದುವರಿಯಿರಿ. ಈ ಹೆಜ್ಜೆ ಬಿಟ್ಟವರ ಫಲಿತಾಂಶವನ್ನು ನಾನು ಓದುವುದೇ ಇಲ್ಲ.

ವೀನಾ ಕೊಡುವ ಅಂಕ ಮೈನಸ್ಸಿನಲ್ಲಿರುತ್ತದೆ. ಮೈನಸ್ ಜಾಸ್ತಿಯಾದಷ್ಟೂ ಹಿಡಿತ ಬಿಗಿ ಎಂದು ಲೆಕ್ಕ. ಆದರೆ -8.9 ಗೆದ್ದಿತು, -8.4 ಸೋತಿತು ಎಂದು ಕುಣಿಯಬೇಡಿ. ಅರ್ಧ ಅಂಕದ ವ್ಯತ್ಯಾಸ ತೂಗುವಷ್ಟು ಸೂಕ್ಷ್ಮ ತಕ್ಕಡಿ ಇದಲ್ಲ. ಅಂಕ ಬಿಟ್ಟು ಚಿತ್ರ ನೋಡಿ. ಕಾಕ್ಸ್-2ರ ಸೋದರ ಕಿಣ್ವ ಕಾಕ್ಸ್-1ರ ಪೊಟರೆಯಲ್ಲಿ ಐಸೋಲ್ಯೂಸಿನ್ ಎಂಬ ಅಮೈನೋ ಆಮ್ಲ ಇರುವ ಒಂದು ಕಡೆ ಕಾಕ್ಸ್-2ರಲ್ಲಿ ವ್ಯಾಲೀನ್ ಎಂಬ ಅಮೈನೋ ಆಮ್ಲ ಇದೆ. ವ್ಯಾಲೀನ್ ಸ್ವಲ್ಪ ಚಿಕ್ಕದು. ಅಷ್ಟಕ್ಕೇ ಪಕ್ಕದಲ್ಲೊಂದು ಸಂದು ತೆರೆದುಕೊಳ್ಳುತ್ತದೆ. ರೊಫೆಕಾಕ್ಸಿಬ್ ತನ್ನ ಗಂಧಕದ ತುದಿಯನ್ನು ತೂರಿಸಿರುವುದು ಅಲ್ಲೇ. ನಿಮ್ಮ ಅಣು ಅಲ್ಲಿಗೆ ಕೈ ಚಾಚಿದೆಯಾ? ಕಾಕ್ಸ್-1ರಲ್ಲೂ ಅದನ್ನು ಕೂರಿಸಿ ಹೋಲಿಸಿ.

ಅರಿಶಿನದ ಕರ್ಕ್ಯುಮಿನ್ ಪಟ್ಟಿಯಲ್ಲಿದ್ದರೆ ಹುಷಾರು. ಲ್ಯಾಬಿನಲ್ಲಿ ಅದು ಸಿಕ್ಕಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಂಡು ಸುಳ್ಳು ಫಲಿತಾಂಶ ಕೊಡುತ್ತದೆ, ನುಂಗಿದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಇದೆಲ್ಲ ಡಾಕಿಂಗ್ ಅಂಕದಲ್ಲಿ ಕಾಣುವುದಿಲ್ಲ.

ಉಳಿದ ಎರಡು ಮೂರು ಹೆಸರು ಹಿಡಿದು ಕಿಣ್ವ ಪರೀಕ್ಷೆ ಮಾಡುವ ಲ್ಯಾಬಿಗೆ ಹೋಗಿ. ಹೋಲಿಕೆಗೆ ಪಕ್ಕದಲ್ಲೇ ಸೆಲೆಕಾಕ್ಸಿಬ್ ಎಂಬ ಕಾಕ್ಸ್-2 ತಡೆಯುವ ಔಷಧಿ ಇಟ್ಟು ಪರೀಕ್ಷಿಸಲು ಹೇಳಿ. ಅಲ್ಲಿಯತನಕ ಅಜ್ಜಿಯ ಸಂಧಿವಾತದ ಮೆಥೊಟ್ರೆಕ್ಸೇಟ್ ಮಾತ್ರೆ ಡಾಕ್ಟರು ಹೇಳಿದಂತೆಯೇ ನಡೆಯಲಿ.